‘ದಿ ಲಾಸ್ಟ್ ಡೈವ್’: ಮೇಲೆ ಬರುವ ದಾರಿಯ ಲೆಕ್ಕ

ಬಾಯ್ಲ್, ಡಾಲ್ಟನ್, ಹೆನ್ರಿ. ಪದವಿಪೂರ್ವ ತರಗತಿಯ ವಿದ್ಯಾರ್ಥಿಗಳು ಈ ಮೂವರ ಹೆಸರಿನ ಅನಿಲ ನಿಯಮಗಳನ್ನು ಕಲಿಯುತ್ತಾರೆ. ಒಂದನ್ನು ಸೋಡಾ ಬಾಟಲಿಯ ಉದಾಹರಣೆಯಿಂದ, ಇನ್ನೊಂದನ್ನು ಸೈಕಲ್ ಪಂಪಿನಿಂದ ನಾವು ವಿವರಿಸುತ್ತೇವೆ. ಪರೀಕ್ಷೆಯಲ್ಲಿ ಎರಡೋ ಮೂರೋ ಅಂಕದ ಪ್ರಶ್ನೆ ಬರುತ್ತದೆ, ಅಲ್ಲಿಗೆ ಮುಗಿಯಿತು. ಈ ಮೂರೂ ನಿಯಮಗಳು ಒಂದೇ ಹೊತ್ತಿನಲ್ಲಿ ಒಬ್ಬ ಮನುಷ್ಯನ ದೇಹದ ಮೇಲೆ ಕೆಲಸ ಮಾಡುವ ಸ್ಥಳವೊಂದಿದೆ. ಅದು ಸಮುದ್ರದ ಆಳ. ಅಲ್ಲಿ ಲೆಕ್ಕ ತಪ್ಪಿದರೆ ಹೋಗುವುದು ಅಂಕವಲ್ಲ, ಪ್ರಾಣ.

ಬರ್ನಿ ಚೌಧುರಿ ಅವರ ‘ದಿ ಲಾಸ್ಟ್ ಡೈವ್’ ಎಂಬ ಇಂಗ್ಲಿಷ್ ಪುಸ್ತಕ 2000ದಲ್ಲಿ ಪ್ರಕಟವಾಯಿತು. ವಿಹಾರಕ್ಕಾಗಿ ಸ್ಕೂಬಾ ಡೈವಿಂಗ್ ಕಲಿತ ಒಬ್ಬ ತಂದೆ ಮತ್ತು ಅವನ ಮಗ ಕೆಲವೇ ವರ್ಷಗಳಲ್ಲಿ ‘ತಾಂತ್ರಿಕ ಡೈವಿಂಗ್’ ಎಂಬ ಕಠಿಣ ವಿಭಾಗಕ್ಕೆ ಏರಿದರು. 1992ರ ಅಕ್ಟೋಬರಿನಲ್ಲಿ ಒಂದೇ ದಿನ ಇಬ್ಬರೂ ಸತ್ತರು. ಈ ಪುಸ್ತಕ ಆ ಕಥೆ. ಇಷ್ಟು ವರ್ಷಗಳ ಬಳಿಕ ಇದನ್ನು ಮತ್ತೆ ಓದಿ ವಿಮರ್ಶಿಸಲು ಕಾರಣವಿದೆ. ಸಾಹಸ ಕ್ರೀಡೆಗಳ ಬಗ್ಗೆ ಬರುವ ಪುಸ್ತಕಗಳಲ್ಲಿ ಬಹುಪಾಲು ಧೈರ್ಯವನ್ನು ಹೊಗಳುತ್ತವೆ, ಇಲ್ಲವೇ ದುಸ್ಸಾಹಸವನ್ನು ಬೈಯುತ್ತವೆ. ತಿಳಿದವರು ತಪ್ಪುವುದು ಹೇಗೆ ಎಂದು ಕೇಳುವ ಪುಸ್ತಕಗಳು ಕಡಿಮೆ. ಈ ಪುಸ್ತಕ ಆ ಪ್ರಶ್ನೆಯನ್ನು ಕೇಳುತ್ತದೆ. ಅದಕ್ಕೆ ಅದು ಕೊಡುವ ಉತ್ತರ ಎಷ್ಟು ಸರಿ ಎಂಬುದನ್ನು ಇಲ್ಲಿ ನೋಡೋಣ.

ಕಥೆಯ ಹಂದರ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದವರಾದ ಕ್ರಿಸ್ ರೌಸ್ ಮತ್ತು ಅವರ ಮಗ ಕ್ರಿಸ್ಸಿ ಫ್ಲಾರಿಡಾದ ನೀರು ತುಂಬಿದ ಗುಹೆಗಳಲ್ಲಿ ತರಬೇತಿ ಪಡೆದು ನುರಿತ ಗುಹಾ ಮುಳುಗುಗಾರರಾದರು. ಬಳಿಕ ಅಟ್ಲಾಂಟಿಕ್ ಕರಾವಳಿಯಲ್ಲಿ ಮುಳುಗಿದ ಹಡಗುಗಳತ್ತ ತಿರುಗಿದರು. ನ್ಯೂಜೆರ್ಸಿಯ ತೀರದಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, 70 ಮೀಟರಿಗಿಂತ ಹೆಚ್ಚು ಆಳದಲ್ಲಿ, ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಯೊಂದು 1991ರಲ್ಲಿ ಪತ್ತೆಯಾಗಿತ್ತು. ಅದು ಯಾವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಅದರ ಗುರುತು ಹಚ್ಚುವ ದಾಖಲೆಯೊಂದನ್ನು ಹೊರತರಬೇಕೆಂಬುದು ತಂದೆ ಮಗನ ಆಸೆ.

1992ರ ಅಕ್ಟೋಬರ್ 12ರಂದು ಅವರು ಇಳಿದಾಗ ಮಗ ಒಳಗೆ ಹೋದ. ತಂದೆ ಹೊರಗೆ ಕಾದರು. ಒಳಗಿನ ಸಾಮಾನು ಕುಸಿದು ಮಗ ಸಿಕ್ಕಿಕೊಂಡ. ತಂದೆ ನುಗ್ಗಿ ಬಿಡಿಸಿದರು. ಇಬ್ಬರೂ ಹೊರಬಂದಾಗ ಹೊತ್ತು ಮೀರಿತ್ತು. ಹಿಂದಿರುಗುವಾಗ ಉಸಿರಾಡಲು ಹೊರಗೆ ಇರಿಸಿದ್ದ ಸಿಲಿಂಡರುಗಳೆಲ್ಲ ಸಿಗಲಿಲ್ಲ. ನೀರಿನಲ್ಲಿ ಹಂತಹಂತವಾಗಿ ನಿಂತು ಬರಬೇಕಾದವರು ನೇರವಾಗಿ ಮೇಲೆ ಬಂದುಬಿಟ್ಟರು. 39 ವರ್ಷದ ತಂದೆ ದೋಣಿಯ ಮೇಲೆಯೇ ಸತ್ತರು. 22 ವರ್ಷದ ಮಗನನ್ನು ಹೆಲಿಕಾಪ್ಟರಿನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯ ಅಧಿಕ ಒತ್ತಡದ ಕೋಣೆಗೆ ಸಾಗಿಸಿದರೂ ಉಳಿಸಿಕೊಳ್ಳಲಾಗಲಿಲ್ಲ.

ಲೇಖಕ ಚೌಧುರಿ ಇವರ ಸ್ನೇಹಿತರು, ಸ್ವತಃ ಮುಳುಗುಗಾರರು. ತಾವೇ ಒಮ್ಮೆ ‘ಬೆಂಡ್ಸ್’ ಎಂಬ ಒತ್ತಡ ಇಳಿಕೆಯ ಕಾಯಿಲೆಗೆ ತೀವ್ರವಾಗಿ ತುತ್ತಾಗಿ ಬದುಕಿ ಬಂದವರು. ಆ ಅನುಭವವನ್ನೂ ಅವರು ಪುಸ್ತಕದಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಹಾಗಾಗಿ ಇದು ದಡದಲ್ಲಿ ನಿಂತವರು ಬರೆದ ಪುಸ್ತಕವಲ್ಲ. ಇದೇ ಇದರ ಬಲ. ಕೆಲವು ಕಡೆ ಇದೇ ಇದರ ದೌರ್ಬಲ್ಯವೂ ಆಗಿದೆ.

ಮೆಟ್ಟಿಲೋ, ಹೊಸ್ತಿಲೋ?

ವಿಹಾರದ ಡೈವಿಂಗ್ ಕಲಿಸುವ ಸಂಸ್ಥೆಗಳು ಆಳವನ್ನು ಮೆಟ್ಟಿಲುಗಳಾಗಿ ವಿಂಗಡಿಸಿವೆ. ಮೊದಲ ಪ್ರಮಾಣಪತ್ರ ಪಡೆದವರಿಗೆ ಸಾಮಾನ್ಯವಾಗಿ 18 ಮೀಟರ್, ಮುಂದಿನ ಹಂತಕ್ಕೆ 30 ಮೀಟರ್, ಕೊನೆಯ ಮಿತಿ 40 ಮೀಟರ್. ನಮ್ಮ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗರು ಹೋಗಿ ಮಾಡುವುದು ಈ ವಿಹಾರದ ಡೈವಿಂಗನ್ನೇ. 40 ಮೀಟರಿನ ಆಚೆಗೆ ತಾಂತ್ರಿಕ ಡೈವಿಂಗ್ ಎಂದರೆ, ಅದು ಅದೇ ಏಣಿಯ ಮುಂದಿನ ಮೆಟ್ಟಿಲು ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಪುಸ್ತಕವನ್ನು ಎಚ್ಚರದಿಂದ ಓದಿದರೆ ಈ ಭಾವನೆ ತಪ್ಪೆಂದು ತಿಳಿಯುತ್ತದೆ. ವಿಹಾರದ ಡೈವಿಂಗಿನ ಇಡೀ ವ್ಯವಸ್ಥೆ ಒಂದು ಭರವಸೆಯ ಮೇಲೆ ನಿಂತಿದೆ. ಏನೇ ಆಗಲಿ, ನಿಧಾನವಾಗಿ ಆದರೆ ನೇರವಾಗಿ ಮೇಲೆ ಬರಬಹುದು ಎಂಬುದೇ ಆ ಭರವಸೆ. ಉಪಕರಣ ಕೆಟ್ಟರೂ ಗಾಬರಿಯಾದರೂ ನೀರಿನ ಮೇಲ್ಮೈ ಎಂಬ ಆಸರೆ ಇದ್ದೇ ಇರುತ್ತದೆ. ತಾಂತ್ರಿಕ ಡೈವಿಂಗಿನಲ್ಲಿ ಆ ಆಸರೆ ಇಲ್ಲ. ಗುಹೆಯಲ್ಲಿ ಅಥವಾ ಹಡಗಿನೊಳಗೆ ತಲೆಯ ಮೇಲೆ ಕಲ್ಲಿನ, ಉಕ್ಕಿನ ಸೂರು ಇರುತ್ತದೆ. ತೆರೆದ ನೀರಿನಲ್ಲಿ ಕಣ್ಣಿಗೆ ಕಾಣದ ಸೂರು ಇರುತ್ತದೆ. ಅದು ದೇಹದಲ್ಲಿ ಕರಗಿದ ಅನಿಲದ ಸೂರು. ಅದನ್ನು ಭೇದಿಸಿ ಮೇಲೆ ಬಂದರೆ ಸಾವು ಅಥವಾ ಅಂಗವೈಕಲ್ಯ ಕಾದಿರುತ್ತದೆ. ಆದ್ದರಿಂದ ಇದನ್ನು ಮೆಟ್ಟಿಲು ಎನ್ನುವುದಕ್ಕಿಂತ ಹೊಸ್ತಿಲು ಎನ್ನುವುದೇ ಸರಿ. ಹೊಸ್ತಿಲು ದಾಟಿದ ಮೇಲೆ ಕಷ್ಟಗಳನ್ನು ನೀರಿನೊಳಗೇ ಪರಿಹರಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಅನಿಲ, ಉಪಕರಣ, ಸಮಯ ಮೂರೂ ಮೊದಲೇ ಕೈಯಲ್ಲಿರಬೇಕು.

ಮೈಕೆಲ್ ಮೆಂಡುನೊ ಎಂಬ ಅಮೆರಿಕನ್ ಪತ್ರಕರ್ತ 1990ರ ದಶಕದ ಆರಂಭದಲ್ಲಿ ತಮ್ಮ ‘ಆಕ್ವಾಕೋರ್’ ಪತ್ರಿಕೆಯ ಮೂಲಕ ‘ತಾಂತ್ರಿಕ ಡೈವಿಂಗ್’ ಎಂಬ ಪದವನ್ನು ರೂಢಿಗೆ ತಂದರು. ರೌಸ್ ತಂದೆ ಮಗ ಹೊಸ್ತಿಲು ದಾಟಿದ್ದು ಆ ಪದವೇ ಹೊಸದಾಗಿದ್ದ ಕಾಲದಲ್ಲಿ. ಪಠ್ಯಕ್ರಮಗಳು ಇನ್ನೂ ರೂಪುಗೊಳ್ಳುತ್ತಿದ್ದವು. ಗುಹಾ ಮುಳುಗುಗಾರರ ಶಿಸ್ತು ಒಂದು ಬಗೆ, ಈಶಾನ್ಯ ಕರಾವಳಿಯ ಹಡಗು ಮುಳುಗುಗಾರರ ಪದ್ಧತಿ ಇನ್ನೊಂದು ಬಗೆ. ಈ ಎರಡು ಪಂಗಡಗಳ ನಡುವಿನ ತಿಕ್ಕಾಟವನ್ನು ಚೌಧುರಿ ಚೆನ್ನಾಗಿ ಚಿತ್ರಿಸಿದ್ದಾರೆ. ಒಂದು ಜ್ಞಾನಶಾಖೆ ಹುಟ್ಟುವಾಗ ಅದರ ನಿಯಮಗಳು ಹೇಗೆ ವಾದ ವಿವಾದಗಳ ನಡುವೆ, ಸಾವು ನೋವುಗಳ ಬೆಲೆ ತೆತ್ತು ರೂಪುಗೊಳ್ಳುತ್ತವೆ ಎಂಬುದನ್ನು ತಿಳಿಯಲು ಈ ಭಾಗಗಳನ್ನು ಓದಬೇಕು.

ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ

ಪುಸ್ತಕ ಕಥನ ರೂಪದ್ದು. ಆಳವನ್ನು ಅಡಿಗಳಲ್ಲಿ ಹೇಳುತ್ತದೆ. ಲೆಕ್ಕಗಳನ್ನು ಹಂತಹಂತವಾಗಿ ಬಿಡಿಸಿ ತೋರಿಸುವ ಪಠ್ಯಪುಸ್ತಕ ಅದಲ್ಲ. ಆದ್ದರಿಂದ ಅಧ್ಯಾಪಕರು ಪುಸ್ತಕದ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ತಾವೇ ಲೆಕ್ಕ ಮಾಡುವುದು ಒಳ್ಳೆಯದು. ಆಗ ಕಥೆಯ ಅರ್ಥವೇ ಬದಲಾಗುತ್ತದೆ.

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಸುಮಾರು 1 ಬಾರ್ ಹೆಚ್ಚುತ್ತದೆ. ಜಲಾಂತರ್ಗಾಮಿ ಬಿದ್ದಿರುವ ಆಳವನ್ನು 73 ಮೀಟರ್ ಎಂದಿಟ್ಟುಕೊಂಡರೆ ಅಲ್ಲಿನ ಒಟ್ಟು ಒತ್ತಡ 8.3 ಬಾರ್.

ಮೊದಲು ಬಾಯ್ಲ್ ನಿಯಮ. ನೀರಿನ ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುವವರು ಅಲ್ಲಿ 166 ಲೀಟರ್ ಬಳಸುತ್ತಾರೆ. 12 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿ ಸುಮಾರು 2,400 ಲೀಟರ್. ಅದು 10 ಮೀಟರ್ ಆಳದಲ್ಲಿ ಒಂದು ಗಂಟೆ ಬಾಳಿದರೆ 73 ಮೀಟರಿನಲ್ಲಿ 15 ನಿಮಿಷವೂ ಬಾಳದು. ಗಾಬರಿಯಲ್ಲಿ ಉಸಿರಾಟ ಇಮ್ಮಡಿಯಾದರೆ 7 ನಿಮಿಷ.

ಎರಡನೆಯದು ಡಾಲ್ಟನ್ ನಿಯಮ. ಗಾಳಿಯಲ್ಲಿ ಆಕ್ಸಿಜನ್ ಶೇಕಡ 21. ಆ ಆಳದಲ್ಲಿ ಅದರ ಆಂಶಿಕ ಒತ್ತಡ 1.74 ಬಾರ್. ಒತ್ತಡ ಹೆಚ್ಚಿದಾಗ ಆಕ್ಸಿಜನ್ನೇ ವಿಷವಾಗಿ ಸೆಳೆತ ತರುತ್ತದೆ ಎಂಬುದನ್ನು ಫ್ರಾನ್ಸಿನ ಪಾಲ್ ಬರ್ಟ್ 1878ರಷ್ಟು ಹಿಂದೆಯೇ ತೋರಿಸಿದ್ದರು. ಇಂದಿನ ತಾಂತ್ರಿಕ ಮುಳುಗುಗಾರರು ಆಳದಲ್ಲಿ ಕೆಲಸ ಮಾಡುವಾಗ 1.4 ಬಾರ್, ಮೇಲೇರುತ್ತ ವಿಶ್ರಾಂತವಾಗಿ ನಿಂತಾಗ 1.6 ಬಾರ್ ಎಂಬ ಮಿತಿಯನ್ನು ಪಾಲಿಸುತ್ತಾರೆ. ಗಾಳಿ ಉಸಿರಾಡಿದರೆ 1.4ರ ಮಿತಿ ಸುಮಾರು 57 ಮೀಟರಿನಲ್ಲಿ, 1.6ರ ಮಿತಿ 66 ಮೀಟರಿನಲ್ಲಿ ಮುಗಿಯುತ್ತದೆ. 73 ಮೀಟರ್ ಎರಡನ್ನೂ ಮೀರಿದೆ.

ನೈಟ್ರೋಜನ್ನಿನ ಆಂಶಿಕ ಒತ್ತಡ ಸುಮಾರು 6.6 ಬಾರ್. ಇಷ್ಟು ನೈಟ್ರೋಜನ್ ಮದ್ಯದಂತೆ ಬುದ್ಧಿಯನ್ನು ಮಂಕಾಗಿಸುತ್ತದೆ. ಇದರ ಜೊತೆಗೆ ಗಾಳಿಯ ಸಾಂದ್ರತೆ ಲೀಟರಿಗೆ 10 ಗ್ರಾಂ ದಾಟುತ್ತದೆ. ಲೀಟರಿಗೆ ಸುಮಾರು 5 ಗ್ರಾಂ ಒಳಗೇ ಇರಬೇಕು, 6 ಗ್ರಾಂ ಮೀರಿದರೆ ಅಪಾಯ ಎಂಬುದು ಈಚಿನ ಶಿಫಾರಸು. ದಟ್ಟವಾದ ಗಾಳಿಯನ್ನು ಎಳೆದು ಬಿಡುವುದೇ ಶ್ರಮವಾಗಿ ಕಾರ್ಬನ್ ಡೈಆಕ್ಸೈಡ್ ದೇಹದಲ್ಲಿ ಉಳಿದುಬಿಡುತ್ತದೆ. ಅದು ಮಂಕನ್ನೂ ಗಾಬರಿಯನ್ನೂ ಹೆಚ್ಚಿಸುತ್ತದೆ.

ಇಷ್ಟೂ ತೊಂದರೆಗೆ ಪರಿಹಾರ ಹೀಲಿಯಂ. ಆಕ್ಸಿಜನ್, ಹೀಲಿಯಂ, ನೈಟ್ರೋಜನ್ ಸೇರಿದ ‘ಟ್ರೈಮಿಕ್ಸ್’ನಲ್ಲಿ, ಉದಾಹರಣೆಗೆ, ಶೇಕಡ 16 ಆಕ್ಸಿಜನ್, 50 ಹೀಲಿಯಂ, 34 ನೈಟ್ರೋಜನ್ ಇದೆ ಎನ್ನೋಣ. 73 ಮೀಟರಿನಲ್ಲಿ ಆಕ್ಸಿಜನ್ 1.33 ಬಾರಿಗೆ ಇಳಿಯುತ್ತದೆ. ನೈಟ್ರೋಜನ್ 2.8 ಬಾರ್ ಆಗುತ್ತದೆ, ಅಂದರೆ ಗಾಳಿ ಉಸಿರಾಡುತ್ತ ಸುಮಾರು 26 ಮೀಟರಿನಲ್ಲಿದ್ದಷ್ಟು ಮಂಕು. ಸಾಂದ್ರತೆ ಲೀಟರಿಗೆ 6 ಗ್ರಾಂ ಆಸುಪಾಸಿಗೆ ಬರುತ್ತದೆ.

ಅಂದು ರೌಸ್ ತಂದೆ ಮಗ ಉಸಿರಾಡಿದ್ದು ಗಾಳಿ. ಹೀಲಿಯಂ ಮಿಶ್ರಣದ ಬಗ್ಗೆ ಅವರಿಗೆ ತಿಳಿಯದೆ ಇರಲಿಲ್ಲ. ಅದಕ್ಕೆ ತಗಲುವ ಹಣ ಆಗ ಕೈಯಲ್ಲಿರಲಿಲ್ಲ. ಇಡೀ ಪುಸ್ತಕದಲ್ಲಿ ಅತಿ ಮುಖ್ಯವಾದ ಸಂಗತಿ ಯಾವುದೆಂದು ಕೇಳಿದರೆ ಇದನ್ನೇ ಹೇಳಬೇಕು.

ಹೆನ್ರಿ ನಿಯಮ ಮತ್ತು ಹಾಲ್ಡೇನರ ಆಡುಗಳು

ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಅದರ ಆಂಶಿಕ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಹೆನ್ರಿ ನಿಯಮ. ಆಳದಲ್ಲಿ ರಕ್ತ, ಕೊಬ್ಬು, ನರ, ಕೀಲು ಎಲ್ಲವೂ ನೈಟ್ರೋಜನ್ನನ್ನು ಹೀರಿಕೊಳ್ಳುತ್ತವೆ. ತಟ್ಟನೆ ಒತ್ತಡ ಇಳಿದರೆ ಅದು ಗುಳ್ಳೆಗಳಾಗುತ್ತದೆ. 17ನೇ ಶತಮಾನದಲ್ಲಿಯೇ ಬಾಯ್ಲ್ ನಿರ್ವಾತ ಪಾತ್ರೆಯಲ್ಲಿಟ್ಟ ಹಾವಿನ ಕಣ್ಣಿನಲ್ಲಿ ಇಂಥ ಗುಳ್ಳೆಯನ್ನು ಕಂಡಿದ್ದರು.

ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳ ಮೇಲೆ ಪ್ರಯೋಗ ನಡೆಸಿ 1908ರಲ್ಲಿ ಪ್ರಕಟಿಸಿದ ಸಂಶೋಧನೆ ಇಂದಿಗೂ ಈ ಶಾಸ್ತ್ರದ ತಳಪಾಯ. ಅವರು ದೇಹವನ್ನು 5, 10, 20, 40, 75 ನಿಮಿಷಗಳ ಅರ್ಧಾವಧಿಯುಳ್ಳ ಐದು ಕಾಲ್ಪನಿಕ ಅಂಗಾಂಶಗಳೆಂದು ಭಾವಿಸಿದರು. ಒತ್ತಡವನ್ನು ಅರ್ಧಕ್ಕೆ ಇಳಿಸುವವರೆಗೂ ಅಪಾಯವಿಲ್ಲ ಎಂಬುದು ಅವರ ಸರಳ ಸೂತ್ರ. ಅದರಂತೆ ಯಾವುದೇ ಅಂಗಾಂಶದಲ್ಲಿ ನೈಟ್ರೋಜನ್ 1.58 ಬಾರಿಗಿಂತ ಕಡಿಮೆ ಇದ್ದರೆ ಮಾತ್ರ ನೇರವಾಗಿ ಮೇಲ್ಮೈಗೆ ಬರಬಹುದು. 10 ಮೀಟರ್ ಆಳದಲ್ಲಿ ಎಷ್ಟು ಹೊತ್ತು ಇದ್ದರೂ ಈ ಮಿತಿ ಮೀರದು.

ಈಗ 73 ಮೀಟರಿನಲ್ಲಿ ಗಾಳಿ ಉಸಿರಾಡುತ್ತ 20 ನಿಮಿಷ ಕಳೆದ ಒಬ್ಬರನ್ನು ಊಹಿಸಿಕೊಳ್ಳಿ. (ಇದು ಉದಾಹರಣೆಗಾಗಿ ಆಯ್ದ ಅವಧಿ.) ಮೊದಲ ಅಂಗಾಂಶಕ್ಕೆ ನಾಲ್ಕು ಅರ್ಧಾವಧಿಗಳು ಕಳೆದಿವೆ. ಅದರಲ್ಲಿ ನೈಟ್ರೋಜನ್ 6.2 ಬಾರ್. ಎರಡನೆಯದರಲ್ಲಿ 5.1, ಮೂರನೆಯದರಲ್ಲಿ 3.7, ನಾಲ್ಕನೆಯದರಲ್ಲಿ 2.5, ಐದನೆಯದರಲ್ಲಿ 1.8. ಐದಕ್ಕೆ ಐದೂ ಮಿತಿ ದಾಟಿವೆ! ವಿದ್ಯಾರ್ಥಿಗಳು ಘಾತೀಯ ಸೂತ್ರ ಬಳಸಿ ಈ ಉತ್ತರಗಳನ್ನು ತಾಳೆ ನೋಡಬಹುದು. ಹಾಲ್ಡೇನರ ಅನುಪಾತ ವೇಗದ ಅಂಗಾಂಶಗಳಿಗೆ ಅನಗತ್ಯವಾಗಿ ಬಿಗಿ, ನಿಧಾನದವುಗಳಿಗೆ ಸಡಿಲ ಎಂದು ಮುಂದಿನ ಸಂಶೋಧನೆಗಳು ತೋರಿಸಿದವು. ಸ್ವಿಟ್ಜರ್ಲೆಂಡಿನ ಬ್ಯೂಲ್ಮನ್ ಅಂಗಾಂಶಗಳ ಸಂಖ್ಯೆಯನ್ನು 16ಕ್ಕೆ ಏರಿಸಿ ಮಿತಿಗಳನ್ನು ತಿದ್ದಿದರು. ಆದರೆ ಮೂಲ ತರ್ಕ ಉಳಿದಿದೆ. ಆಳದಲ್ಲಿ ಕಳೆದ ನಿಮಿಷಗಳು ಸಾಲ. ಅದನ್ನು ಮೇಲೇರುವ ದಾರಿಯಲ್ಲಿ, ನಿಗದಿಯಾದ ಆಳಗಳಲ್ಲಿ ನಿಂತು, ಬಡ್ಡಿ ಸಮೇತ ತೀರಿಸಬೇಕು.

ಸಾಲ ತೀರಿಸುವ ಸಾಧನವೇ ಆ ಹೊರಗಿಟ್ಟ ಸಿಲಿಂಡರುಗಳು. ಅವುಗಳಲ್ಲಿ ಆಕ್ಸಿಜನ್ ಹೆಚ್ಚಿರುವ ಮಿಶ್ರಣಗಳೂ ಇರಬಹುದು. ಇಲ್ಲಿಯೂ ಡಾಲ್ಟನ್ ಕಾವಲಿದ್ದಾರೆ. ಶುದ್ಧ ಆಕ್ಸಿಜನ್ನನ್ನು 6 ಮೀಟರಿಗಿಂತ ಕೆಳಗೆ ಬಳಸುವಂತಿಲ್ಲ. ಶೇಕಡ 50ರ ಮಿಶ್ರಣ 21 ಮೀಟರಿನಲ್ಲಿ ಔಷಧ. ಅದನ್ನೇ ಮರೆತು 73 ಮೀಟರಿನಲ್ಲಿ ಬಾಯಿಗಿಟ್ಟರೆ ಆಕ್ಸಿಜನ್ 4 ಬಾರ್ ಮೀರಿ ಸೆಳೆತ ಬರುತ್ತದೆ. ಮಂಕಾದ ಬುದ್ಧಿಯಿಂದ, ಕೆಸರೆದ್ದ ನೀರಿನಲ್ಲಿ, ಸರಿಯಾದ ಸಿಲಿಂಡರನ್ನು ಹುಡುಕಿ ಸರಿಯಾದ ಆಳದಲ್ಲಿ ಬಳಸುವುದು ಎಂದರೆ ಏನೆಂದು ಈ ಲೆಕ್ಕದ ನಂತರ ಓದುಗರಿಗೆ ಅರ್ಥವಾಗುತ್ತದೆ.

ಪುಸ್ತಕ ಎಲ್ಲಿ ಗೆಲ್ಲುತ್ತದೆ

ಗುಹೆಗಳಲ್ಲಿ ಡೈವಿಂಗ್ ಮಾಡಿ ಹೆಸರಾಗಿದ್ದ ಗಣಿತದ ಅಧ್ಯಾಪಕ ಶೆಕ್ ಎಕ್ಸ್ಲಿ 1979ರಲ್ಲಿ ಒಂದು ತೆಳು ಕೈಪಿಡಿ ಪ್ರಕಟಿಸಿದರು. ಫ್ಲಾರಿಡಾದ ಗುಹೆಗಳಲ್ಲಿ ನಡೆದ ಸಾವುಗಳನ್ನು ಒಂದೊಂದಾಗಿ ವಿಶ್ಲೇಷಿಸಿ ಕೆಲವೇ ನಿಯಮಗಳನ್ನು ತೆಗೆದರು. ಹೊರದಾರಿಯವರೆಗೆ ಕಡಿಯದ ಹಗ್ಗವಿರಬೇಕು. ಮೂರನೆಯ ಒಂದು ಭಾಗ ಗಾಳಿಯನ್ನು ಮಾತ್ರ ಒಳಹೋಗಲು ಬಳಸಿ ಉಳಿದ ಎರಡು ಭಾಗವನ್ನು ಹಿಂದಿರುಗಲು ಇಡಬೇಕು. ಗಾಳಿಗೆ ಹೇಳಿದ ಆಳವನ್ನು ಮೀರಬಾರದು. ಅನುಭವದಿಂದ ಸಾಮಾನ್ಯ ನಿಯಮಕ್ಕೆ ಹೋಗುವ ವೈಜ್ಞಾನಿಕ ವಿಧಾನಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗುವುದು ಕಷ್ಟ.

ಚೌಧುರಿಯವರ ಪುಸ್ತಕ ಶುರುವಾಗುವುದು ಎಕ್ಸ್ಲಿ ನಿಲ್ಲಿಸಿದ ಜಾಗದಿಂದ ಎನ್ನಬಹುದು. ನಿಯಮಗಳು ಗೊತ್ತಿದ್ದವರು, ಅವನ್ನು ಪಾಲಿಸಿ ರೂಢಿಯಿದ್ದವರು, ಅವನ್ನು ಮೀರಿದ್ದು ಹೇಗೆ? ಪುಸ್ತಕದ ಉದ್ದಕ್ಕೂ ಕಾಣುವ ಉತ್ತರ ಇದು: ಒಂದೇ ನೆಗೆತದಲ್ಲಿ ಯಾರೂ ಮೀರುವುದಿಲ್ಲ. ಒಮ್ಮೆ ಸ್ವಲ್ಪ ಆಳ ಹೆಚ್ಚಾಯಿತು, ಏನೂ ಆಗಲಿಲ್ಲ. ಇನ್ನೊಮ್ಮೆ ಅವಧಿ ಮೀರಿತು, ಏನೂ ಆಗಲಿಲ್ಲ. ಏನೂ ಆಗದ ಪ್ರತಿ ಸಲವೂ ಮನಸ್ಸು ಅದನ್ನು ಸುರಕ್ಷತೆಯ ಸಾಕ್ಷಿ ಎಂದು ಬರೆದುಕೊಳ್ಳುತ್ತದೆ. ಸಂಭವನೀಯತೆ ಕಲಿಸುವ ಅಧ್ಯಾಪಕರಿಗೆ ಇದು ಪರಿಚಿತ ತಪ್ಪು. ಅಪಾಯ ಅಪರೂಪವಾಗಿ ಸಂಭವಿಸುವಂಥದ್ದಾದರೆ ಹತ್ತು ಬಾರಿ ಪಾರಾದದ್ದು ಏನನ್ನೂ ಸಾಧಿಸಿ ತೋರಿಸುವುದಿಲ್ಲ.

ಪುಸ್ತಕದ ಮತ್ತೊಂದು ಗೆಲುವು ಮನುಷ್ಯರ ಚಿತ್ರಣ. ತಂದೆ ಮಗ ಸದಾ ಪರಸ್ಪರ ಕಚ್ಚಾಡುವವರೆಂದು ಬಳಗದಲ್ಲಿ ಹೆಸರಾಗಿದ್ದರು. ಆದರೂ ನೀರಿನೊಳಗೆ ಒಬ್ಬರನ್ನೊಬ್ಬರು ಬಿಡುತ್ತಿರಲಿಲ್ಲ. ಕೊನೆಯ ದಿನ ತಂದೆ ಮಗನನ್ನು ಬಿಟ್ಟು ಮೇಲೆ ಬರಲಿಲ್ಲ. ಇದನ್ನು ಲೇಖಕರು ಅಬ್ಬರವಿಲ್ಲದೆ ಹೇಳಿದ್ದಾರೆ.

ಎಲ್ಲಿ ಸೋಲುತ್ತದೆ

ಮೊದಲ ಕೊರತೆ ಸಾಕ್ಷ್ಯಕ್ಕೆ ಸಂಬಂಧಿಸಿದ್ದು. ಜಲಾಂತರ್ಗಾಮಿಯ ಒಳಗೆ ನಡೆದದ್ದಕ್ಕೆ ಪ್ರತ್ಯಕ್ಷ ಸಾಕ್ಷಿಗಳು ಇಬ್ಬರೇ, ಇಬ್ಬರೂ ಉಳಿದಿಲ್ಲ. ದೋಣಿಯ ಮೇಲೆ ಮಗ ನೋವಿನಲ್ಲಿ ಆಡಿದ ಮಾತುಗಳು ಮತ್ತು ಜೊತೆಯವರು ಕಂಡದ್ದು ಇವೇ ಆಧಾರ. ಆ ಭಾಗ ಪುಸ್ತಕದಲ್ಲಿ ಕಣ್ಣಾರೆ ಕಂಡ ಕಥೆಯಂತೆ ಓದಿಸಿಕೊಂಡು ಹೋಗುತ್ತದೆ. ತಿಳಿದದ್ದು ಎಷ್ಟು, ಊಹಿಸಿದ್ದು ಎಷ್ಟು ಎಂಬ ಗೆರೆ ಓದುವ ಭರದಲ್ಲಿ ಅಳಿಸಿಹೋಗುತ್ತದೆ. ವಿಜ್ಞಾನದ ವಿದ್ಯಾರ್ಥಿಗೆ ಈ ಗೆರೆ ಮುಖ್ಯ.

ಎರಡನೆಯ ಕೊರತೆ ಹೆಚ್ಚು ಗಂಭೀರವಾದುದು. ಪುಸ್ತಕದ ಚೌಕಟ್ಟು ಗೀಳಿನ ಕಥೆಯದು. ಅಪ್ಪ ಮಗನ ಪೈಪೋಟಿ, ಹೆಸರು ಮಾಡುವ ಹಂಬಲ, ಆಳದ ಸೆಳೆತ ಇವೆಲ್ಲ ಸೇರಿ ಅವರನ್ನು ಸಾವಿನತ್ತ ಒಯ್ದವು ಎಂಬ ಭಾವನೆ ಓದಿ ಮುಗಿಸಿದಾಗ ಉಳಿಯುತ್ತದೆ. ಹೆಸರೇ ‘ಕೊನೆಯ ಮುಳುಗು’. ಅಂತ್ಯ ಮೊದಲೇ ಗೊತ್ತಿರುವುದರಿಂದ ಪ್ರತಿ ಘಟನೆಯೂ ಆ ಅಂತ್ಯದ ಮುನ್ಸೂಚನೆಯಾಗಿ ಕಾಣುತ್ತದೆ. ಆದರೆ ನಾವು ಮೇಲೆ ಮಾಡಿದ ಲೆಕ್ಕ ಬೇರೆ ಮಾತು ಹೇಳುತ್ತದೆ. ಇದೇ ಹಂಬಲ, ಇದೇ ಪೈಪೋಟಿ ಇದ್ದು, ಸಿಲಿಂಡರಿನಲ್ಲಿ ಹೀಲಿಯಂ ಇದ್ದಿದ್ದರೆ? ಕುಸಿತ ಆಗಲೂ ಆಗಬಹುದಿತ್ತು. ಆದರೆ ಬಿಡಿಸಿಕೊಂಡು ಹೊರಬಂದ ಮೇಲೆ ಹೆಚ್ಚು ತಿಳಿಯಾದ ಬುದ್ಧಿಯಿಂದ ಸಿಲಿಂಡರುಗಳನ್ನು ಹುಡುಕುವ ಅವಕಾಶವಾದರೂ ಇರುತ್ತಿತ್ತು. ಖಂಡಿತ ಬದುಕುತ್ತಿದ್ದರು ಎಂದು ಹೇಳುವಂತಿಲ್ಲ. ಆದರೆ ಸ್ವಭಾವವನ್ನು ದೂರುವ ಮೊದಲು ಅನಿಲವನ್ನು ಪರಿಶೀಲಿಸಬೇಕು.

ಈ ವ್ಯತ್ಯಾಸ ಬರಿಯ ಪಾಂಡಿತ್ಯದ ಮಾತಲ್ಲ. ಅಪಘಾತಕ್ಕೆ ಗೀಳು ಕಾರಣವೆಂದರೆ ‘ನನಗೆ ಅಂಥ ಗೀಳಿಲ್ಲ’ ಎಂದು ಪ್ರತಿಯೊಬ್ಬ ಓದುಗನೂ ಸಮಾಧಾನ ಪಟ್ಟುಕೊಳ್ಳುತ್ತಾನೆ. ಕಾರಣ ಅನಿಲದ ಆಯ್ಕೆ, ಯೋಜನೆ, ಮೀಸಲು ಎಂದರೆ ಪ್ರತಿಯೊಬ್ಬನೂ ತನ್ನ ಲೆಕ್ಕವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕಾಗುತ್ತದೆ. ನಿಯಮ ಬರೆದ ಎಕ್ಸ್ಲಿ ಅವರೇ 1994ರ ಏಪ್ರಿಲಿನಲ್ಲಿ ಮೆಕ್ಸಿಕೊದ ಜಕಾಟೋನ್ ಎಂಬ ನೀರುಗುಂಡಿಯಲ್ಲಿ ದಾಖಲೆಯ ಆಳಕ್ಕೆ ಇಳಿಯುವಾಗ ಸತ್ತರು ಎಂಬುದನ್ನು ಇಲ್ಲಿ ನೆನೆಯಬೇಕು. ತಿಳಿವಳಿಕೆ ರಕ್ಷಾಕವಚವಲ್ಲ. ಪ್ರತಿ ಮುಳುಗಿಗೂ ಲೆಕ್ಕ ಹೊಸದು.

ಮೂರನೆಯದು ಹಣದ ಪ್ರಶ್ನೆ. ಹೀಲಿಯಂ ದುಬಾರಿ ಎಂಬುದನ್ನು ಪುಸ್ತಕ ಹೇಳಿ ಮುಂದೆ ಸಾಗುತ್ತದೆ. ಇಲ್ಲಿ ನಿಲ್ಲಬೇಕಿತ್ತು. ಅಟ್ಲಾಂಟಿಕ್ಕಿನ ದೋಣಿ, ಉಪಕರಣ, ಪ್ರಯಾಣ ಎಲ್ಲಕ್ಕೂ ಖರ್ಚು ಮಾಡಿದ ಮೇಲೆ ಕೊನೆಗೆ ಉಳಿತಾಯ ಮಾಡುವುದು ಕಣ್ಣಿಗೆ ಕಾಣದ ವಸ್ತುವಿನಲ್ಲಿ. ಇದು ಡೈವಿಂಗಿಗೆ ಮಾತ್ರ ಸೀಮಿತವಲ್ಲ. ಪ್ರಯೋಗಾಲಯಕ್ಕೆ ಉಪಕರಣ ಕೊಂಡು ಹೊಗೆ ಹೊರಹಾಕುವ ಪಂಖ ಬಿಟ್ಟುಬಿಡುವುದು, ಬೈಕು ಕೊಂಡು ಹೆಲ್ಮೆಟ್ಟಿನಲ್ಲಿ ಉಳಿಸುವುದು ಇದೇ ಜಾತಿಯ ತಪ್ಪು. ಸುರಕ್ಷತೆಯ ಖರ್ಚು ಭರಿಸಲಾಗದಿದ್ದರೆ ಆ ಕೆಲಸವನ್ನೇ ಮುಂದೂಡಬೇಕು ಎಂಬ ಸರಳ ತೀರ್ಮಾನವನ್ನು ಪುಸ್ತಕ ಬಾಯಿಬಿಟ್ಟು ಹೇಳಬಹುದಿತ್ತು.

ಇನ್ನೊಂದು ಪುಸ್ತಕದ ಜೊತೆ ಹೋಲಿಕೆ

ಇದೇ ಜಲಾಂತರ್ಗಾಮಿಯ ಬಗ್ಗೆ ರಾಬರ್ಟ್ ಕರ್ಸನ್ 2004ರಲ್ಲಿ ‘ಶ್ಯಾಡೋ ಡೈವರ್ಸ್’ ಬರೆದರು. ಅದು ಹೆಚ್ಚು ಜನಪ್ರಿಯವಾಯಿತು. ಜಾನ್ ಚಾಟರ್ಟನ್ ಮತ್ತು ರಿಚಿ ಕೋಲರ್ ಆರು ವರ್ಷ ಶ್ರಮಿಸಿ 1997ರಲ್ಲಿ ಅದು ‘ಯು-869’ ಎಂದು ಗುರುತಿಸಿದ ಪತ್ತೇದಾರಿ ಕಥೆ ಅದು. ಓದಲು ರೋಚಕ. ಆದರೆ ಅದರಲ್ಲಿ ರೌಸ್ ತಂದೆ ಮಗನ ಸಾವು ದೊಡ್ಡ ಶೋಧದ ನಡುವಿನ ಒಂದು ಪ್ರಕರಣ. ಚೌಧುರಿಯವರಲ್ಲಿ ಅದೇ ಕೇಂದ್ರ. ಡೈವಿಂಗಿನ ಬಗ್ಗೆ ಕಲಿಯಬೇಕೆನ್ನುವವರಿಗೆ ಚೌಧುರಿಯವರ ಪುಸ್ತಕವೇ ಹೆಚ್ಚು ಉಪಯುಕ್ತ.

ಕರ್ಸನ್ ಪುಸ್ತಕದಿಂದಲೂ ಒಂದು ಪಾಠವಿದೆ. ಜಲಾಂತರ್ಗಾಮಿ ತನ್ನದೇ ಟಾರ್ಪಿಡೊ ಸುತ್ತಿ ಬಂದು ಬಡಿದು ಮುಳುಗಿತು ಎಂಬ ವಿವರಣೆಗೆ ಅದು ಒಲವು ತೋರಿತ್ತು. ಅದು ಪ್ರಕಟವಾದ ಮರುವರ್ಷವೇ, 2005ರಲ್ಲಿ, ಅಮೆರಿಕದ ಕೋಸ್ಟ್ ಗಾರ್ಡ್ ದಾಖಲೆಗಳನ್ನು ಮರುಪರಿಶೀಲಿಸಿ, ಹೋವರ್ಡ್ ಡಿ. ಕ್ರೋ ಮತ್ತು ಕೋಯ್ನರ್ ಎಂಬ ಎರಡು ಹಡಗುಗಳು 1945ರ ಫೆಬ್ರವರಿ 11ರಂದು ಅದನ್ನು ಮುಳುಗಿಸಿದವು ಎಂದು ಅಭಿಪ್ರಾಯಪಟ್ಟಿತು. ಒಳ್ಳೆಯ ಕಥೆ ಸಾಕ್ಷ್ಯಕ್ಕಿಂತ ಮೊದಲೇ ಮುಗಿದುಬಿಡುತ್ತದೆ. ಚೌಧುರಿಯವರ ಗೀಳಿನ ಕಥೆಗೂ ಈ ಮಾತು ಅನ್ವಯಿಸುತ್ತದೆ.

ಇಂದು ಓದುವಾಗ

ಪುಸ್ತಕ ಬಂದ ಮೇಲೆ ಈ ಕ್ಷೇತ್ರ ಬಹಳ ಬದಲಾಗಿದೆ. 1992ರಲ್ಲಿ ಚರ್ಚೆಯ ವಸ್ತುವಾಗಿದ್ದ ಹೀಲಿಯಂ ಮಿಶ್ರಣ ಇಂದು ಆಳದ ಡೈವಿಂಗಿನ ಸಾಮಾನ್ಯ ಕ್ರಮ. ಹೊರಬಿಟ್ಟ ಉಸಿರಿನಿಂದ ಕಾರ್ಬನ್ ಡೈಆಕ್ಸೈಡನ್ನು ಹೀರಿ ಮತ್ತೆ ಬಳಸುವ ‘ರಿಬ್ರೀದರ್’ ಉಪಕರಣಗಳು ಬಂದು ಹೀಲಿಯಂ ಖರ್ಚು ಕಡಿಮೆಯಾಗಿದೆ. ಜೊತೆಗೆ ಹೊಸ ಬಗೆಯ ಅಪಾಯಗಳೂ ಬಂದಿವೆ. ಹೆಚ್ಚು ಆಳದಲ್ಲಿಯೇ ಮೊದಲು ನಿಂತು ಮೇಲೇರುವುದು ಒಳ್ಳೆಯದೆಂದು 1990ರ ದಶಕದಲ್ಲಿ ಅನೇಕರು ನಂಬಿದ್ದರು. ಅಮೆರಿಕದ ನೌಕಾಪಡೆ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಾಗೆ ನಿಂತವರಿಗೇ ಕಾಯಿಲೆ ಹೆಚ್ಚಾಗಿ ಬಂತು. ಅಂದರೆ ಈ ಕೋಷ್ಟಕಗಳು ವೇದವಾಕ್ಯಗಳಲ್ಲ. ಅವು ತಿದ್ದುಪಡಿಗೆ ತೆರೆದ ಮಾದರಿಗಳು. ಹಾಗಾಗಿ ಪುಸ್ತಕದ ವಿಧಾನಗಳನ್ನು ಯಾರೂ ಮಾರ್ಗದರ್ಶಿಯೆಂದು ಭಾವಿಸಬಾರದು.

ಅಧ್ಯಾಪಕರಿಗೆ ಒಂದು ಸಲಹೆ. ಅನಿಲ ನಿಯಮಗಳ ಪಾಠ ಮುಗಿದ ಮೇಲೆ ಈ ಕಥೆಯನ್ನು ಹತ್ತು ನಿಮಿಷದಲ್ಲಿ ಹೇಳಿ, 73 ಮೀಟರಿನ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ. ಆಮೇಲೆ ಎರಡು ಪ್ರಶ್ನೆ ಕೇಳಿ. ಯಾವ ಹಂತದಲ್ಲಿ ಹಿಂದಿರುಗಬಹುದಿತ್ತು? ಆ ಹಂತದಲ್ಲಿ ಹಿಂದಿರುಗಲು ಏನು ಅಡ್ಡಬಂತು? ಮೊದಲನೆಯದಕ್ಕೆ ಭೌತಶಾಸ್ತ್ರ ಉತ್ತರಿಸುತ್ತದೆ. ಎರಡನೆಯದಕ್ಕೆ ಉತ್ತರ ಹುಡುಕಲು ಚೌಧುರಿಯವರ ಪುಸ್ತಕ ಬೇಕು. ಕ್ರಿಸ್ಸಿಯ ವಯಸ್ಸು 22. ಪದವಿ ತರಗತಿಗಳಲ್ಲಿ ನಮ್ಮ ಮುಂದೆ ಕೂರುವವರ ವಯಸ್ಸೂ ಹೆಚ್ಚುಕಡಿಮೆ ಅದೇ. ಅವರಲ್ಲಿ ಯಾರಾದರೂ ನಾಳೆ ನೀರಿಗೆ, ಬೆಟ್ಟಕ್ಕೆ ಅಥವಾ ಪ್ರಯೋಗಾಲಯದ ಅಧಿಕ ಒತ್ತಡದ ಉಪಕರಣದ ಎದುರಿಗೆ ಹೋಗುವಾಗ, ಒಳಹೋಗುವ ದಾರಿಗಿಂತ ಮೊದಲು ಹೊರಬರುವ ದಾರಿಯ ಲೆಕ್ಕ ಹಾಕುವಂತಾದರೆ ಈ ಪುಸ್ತಕವನ್ನು ಓದಿದ್ದು ಸಾರ್ಥಕ. ಕೊರತೆಗಳಿದ್ದರೂ ಕಾಲೇಜಿನ ಗ್ರಂಥಾಲಯದಲ್ಲಿ ಇರಬೇಕಾದ ಪುಸ್ತಕ ಇದು.